ತೂತಿನ ಅಂಚಿನವರೆಗಿನ ಮಾಂಸ

ಗುಂಡಿನ ಬಗ್ಗೆ ಮಾತಾಡುವ ಗಂಡಸರನ್ನು ನೊಯ್ಲೀನ್ ಹ್ಯಾವಿಲ್ ಎರಡು ಗುಂಪು ಮಾಡಿದ್ದಳು. ಜಿಂಕೆ ಹೊಡೆದು ತಂದು ಮಾತಾಡುವವರು ಒಂದು, ಏನೂ ತರದೆ ಮಾತಾಡುವವರು ಇನ್ನೊಂದು. ಎರಡನೆಯವರೇ ವಾಸಿ ಎಂಬುದು ಅವಳ ತೀರ್ಮಾನ. ಅವರಿಂದ ಮಾಂಸವಾದರೂ ಕೆಡುತ್ತಿರಲಿಲ್ಲ.

ಮರ್ಚಿಸನ್ ಊರು ಮುಗಿದು ಮಟಾಕಿಟಾಕಿ ಕಣಿವೆಯ ಕಡೆ ರಸ್ತೆ ತಿರುಗುವಲ್ಲಿ ಅವಳ ಶೆಡ್ಡು. ಬಾಗಿಲ ಮೇಲೆ ಈಗಲೂ ಅಪ್ಪನ ಹೆಸರು: ಆರ್ಚ್ ಹ್ಯಾವಿಲ್. ಬಣ್ಣ ಹೋದಾಗಲೆಲ್ಲ ಅದೇ ಅಕ್ಷರಗಳ ಮೇಲೆ ಅವಳು ಬಳಿಯುತ್ತಿದ್ದಳು, ತನ್ನ ಹೆಸರು ಬರೆಸಿರಲಿಲ್ಲ. ಬೇಟೆಯವರು ಕರುಳು ತೆಗೆದ ಜಿಂಕೆಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ನೊಯ್ಲೀನ್ ಅದನ್ನು ಕೊಕ್ಕೆಗೆ ಏರಿಸಿ, ಚರ್ಮ ಸುಲಿದು, ಐದು ದಿನ ತಂಪುಕೋಣೆಯಲ್ಲಿ ತೂಗಿಬಿಟ್ಟು, ಆಮೇಲೆ ಕತ್ತರಿಸಿ ಕಟ್ಟಿಕೊಡುತ್ತಿದ್ದಳು. ತೊಡೆ ಬೇರೆ, ಬೆನ್ನಿನ ಪಟ್ಟಿ ಬೇರೆ, ಉಳಿದದ್ದು ಖೀಮಾ ಮತ್ತು ಸಾಸೇಜು. ಹದಿನಾಲ್ಕು ತುಂಬಿದ ವರ್ಷ ಶಾಲೆಯ ಚೀಲ ಇಳಿಸಿ ಚಾಕು ಹಿಡಿದವಳು, ಈಗ ಅರವತ್ತೊಂದು. ಮಧ್ಯೆ ಕೆಲ್ವಿನ್ ಎಂಬ ಗಂಡ ಒಂಬತ್ತು ವರ್ಷ ಇದ್ದ. ಅವನು ಆಸ್ಟ್ರೇಲಿಯಾದ ಗಣಿಗೆ ಹೋಗುತ್ತೇನೆಂದು ಮೀನು ಹಿಡಿಯುವ ದೋಣಿಯನ್ನೂ ಎಳೆದುಕೊಂಡು ಹೋದ. ದೋಣಿ ಹೋದದ್ದಕ್ಕೆ ನೊಯ್ಲೀನ್‌ಗೆ ಬಹಳ ದಿನ ಬೇಸರವಿತ್ತು.

ಕತ್ತರಿಸುವ ಮೇಜಿನ ಮೇಲಿನ ಹಲಗೆಯಲ್ಲಿ ಜಾಮಿನ ಬಾಟಲಿಗಳ ಸಾಲಿತ್ತು. ಮಾಂಸದಲ್ಲಿ ಸಿಕ್ಕ ಗುಂಡುಗಳನ್ನು ಅವಳು ತೊಳೆದು, ಹೊಡೆದವನ ಹೆಸರಿನ ಬಾಟಲಿಗೆ ಹಾಕಿಡುತ್ತಿದ್ದಳು. ಯಾವ ಗುಂಡು ಜಿಂಕೆಯೊಳಗೆ ಏನು ಮಾಡುತ್ತದೆ ಎಂದು ಆ ಕಣಿವೆಯಲ್ಲಿ ಅವಳಷ್ಟು ತಿಳಿದವರು ಇರಲಿಲ್ಲ. ಆದರೆ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಚಳಿಗಾಲವಿಡೀ ಹೋಟೆಲಿನ ಬೆಂಕಿಯ ಮುಂದೆ ಕೂತು ಅವರವರೇ ಕೇಳಿಕೊಂಡು ಅವರವರೇ ಹೇಳಿಕೊಳ್ಳುತ್ತಿದ್ದರು. ಈ ತೋಟಾದಲ್ಲಿ ಮದ್ದು ಜಾಸ್ತಿ, ಆ ತೋಟಾದ ವೇಗ ಜಾಸ್ತಿ, ಇದರ ಗುಂಡು ಹಗುರ, ಅದರದ್ದು ಗಾಳಿ ಸೀಳುತ್ತದೆ. ಮೂರು ಬಿಯರ್ ಆಗುವಷ್ಟರಲ್ಲಿ ಒಬ್ಬೊಬ್ಬನೂ ಅರ್ಧ ಮೈಲಿಯಾಚೆಯ ಜಿಂಕೆ ಉರುಳಿಸಿಬಿಡುತ್ತಿದ್ದ. ಅವರು ಬೇಟೆಯಾಡುತ್ತಿದ್ದ ಬೀಚ್ ಮರಗಳ ಕಾಡಿನಲ್ಲೋ, ಎಪ್ಪತ್ತು ಹೆಜ್ಜೆಯಾಚೆಗೆ ಸ್ವಂತ ತಮ್ಮ ನಿಂತಿದ್ದರೂ ಕಾಣಿಸುವುದಿಲ್ಲ.

ನೊಯ್ಲೀನ್‌ಗೆ ಇದರ ಬಗ್ಗೆ ಹೇಳಲಿದ್ದದ್ದು ಇಷ್ಟೆ. ಹೊಡೆಯುವಾಗ ಕಣ್ಣು ಮುಚ್ಚಿಕೊಳ್ಳದಷ್ಟು ಒದೆತವಿರುವ ಬಂದೂಕು ಸಾಕು. ಒಳಗೆ ಹೋಗಿ ಚೂರಾಗದೆ ಅರಳುವ, ಭಾರವಾದ ಗುಂಡು ಬೇಕು. ಭುಜದ ಹಿಂದೆ, ಪಕ್ಕೆಗೆ ಹೊಡೆಯಬೇಕು. ಹಾಗೆ ಹೊಡೆದರೆ ತೂತಿನ ಅಂಚಿನವರೆಗೂ ಮಾಂಸ ತಿನ್ನಬಹುದು. ಅವಳು ಸ್ವತಃ ಹೊಡೆಯುತ್ತಿದ್ದದ್ದು ಅಪ್ಪನ ಕಾಲದ, ಯುದ್ಧದಿಂದ ಮಿಕ್ಕಿ ಬಂದ ತ್ರೀ ನಾಟ್ ತ್ರೀ ಬಂದೂಕಿನಲ್ಲಿ. ಅದನ್ನು ಕಂಡು ಗಂಡಸರು ನಗುತ್ತಿದ್ದರು.

ಅಪ್ಪ ಆರ್ಚ್ ಅವಳಿಗೆ ಒಂದು ಪದ್ಧತಿ ಹಾಕಿಕೊಟ್ಟಿದ್ದ. ಗುಂಡು ಹಾಳುಮಾಡಿದ ಮಾಂಸವನ್ನು ಒಂದು ಬಕೆಟ್ಟಿನಲ್ಲಿ ಹಾಕಿಟ್ಟು, ಜಿಂಕೆಯ ಯಜಮಾನ ಬಂದಾಗ ಮೊದಲು ಅದನ್ನು ಅವನಿಗೆ ತೋರಿಸಬೇಕು. "ಮಾಂಸ ಅವನದ್ದು, ಹಾಳಾದದ್ದೂ ಅವನದ್ದೇ ಕಣಮ್ಮ. ಎರಡನ್ನೂ ತೋರ್ಸು," ಎನ್ನುತ್ತಿದ್ದ. ಅಪ್ಪ ಹೋದಮೇಲೂ ಬಹಳ ವರ್ಷ ನೊಯ್ಲೀನ್ ತೋರಿಸಿದಳು. ಒಮ್ಮೆ ಒಬ್ಬ, ನೆಲ್ಸನ್ ಪಟ್ಟಣದವನು, ಬಕೆಟ್ಟಿನ ಮುಂದೆ ಒಂದು ಗಂಟೆ ನಿಂತು, ತನ್ನ ಗುಂಡು ಹಾಗೆ ಮಾಡುವುದು ಸಾಧ್ಯವೇ ಇಲ್ಲವೆಂದು ವಿಜ್ಞಾನ ಹೇಳಿದ. ಅವತ್ತೇ ಅವಳು ತೋರಿಸುವುದನ್ನು ಬಿಟ್ಟಳು. ಇಂಥವರಿಗೆ ವಿವರಿಸುತ್ತ ಕೂರುವುದಕ್ಕಿಂತ ನೆಲ ತೊಳೆಯುವುದು ಮೇಲು ಅನಿಸಿತು. ಆ ತಾತ್ಸಾರವೇ ಹನ್ನೆರಡು ವರ್ಷದ ಮೇಲೆ ಅವಳ ಕೊರಳಿಗೆ ಬಂತು.

ವಾರ್ವಿಕ್ ಟಾಲ್ಪಟ್ ಮಣ್ಣು ಅಗೆಯುವ ಯಂತ್ರ ಇಟ್ಟುಕೊಂಡಿದ್ದ ಆಸಾಮಿ. ದೊಡ್ಡ ಯಂತ್ರ ಓಡಿಸಿ ಓಡಿಸಿ ಅವನಿಗೆ ಎಲ್ಲವೂ ದೊಡ್ಡದೇ ಬೇಕಿತ್ತು. ಆ ವರ್ಷ ಅವನು ಒಂದು ಮ್ಯಾಗ್ನಮ್ ಬಂದೂಕು ಕೊಂಡ. ಅದರ ಒಂದೊಂದು ತೋಟಾ ಗಂಡಸಿನ ನಡುಬೆರಳಿಗಿಂತ ಉದ್ದ. ತೋಟಾಗಳನ್ನು ಅವನೇ ಗ್ಯಾರೇಜಿನಲ್ಲಿ ತುಂಬುತ್ತಿದ್ದ: ಖಾಲಿ ಹಿತ್ತಾಳೆ ಕೊಳವೆಗೆ ಮದ್ದು ಅಳೆದು ಹಾಕಿ, ಬಾಯಿಗೆ ಗುಂಡು ಒತ್ತಿ ಕೂರಿಸುವುದು. ಯಾವನೋ ಒಂದು ಕಿಲೋಮೀಟರ್ ಆಚೆಯ ಕಬ್ಬಿಣದ ತಟ್ಟೆಗೆ ಹೊಡೆಯುವ ವೀಡಿಯೊ ನೋಡಿ, ಅವನು ಬಳಸಿದ ಗುಂಡನ್ನೇ ತರಿಸಿದ. ತುದಿಯಲ್ಲಿ ಸೂಜಿಮೊನೆಯಷ್ಟು ತೂತಿರುವ ಗುಂಡು. ಜಿಂಕೆಗೆಂದೇ ಮಾಡಿದ ಕೆಲವು ಗುಂಡುಗಳಿಗೂ ತುದಿಯಲ್ಲಿ ತೂತಿರುತ್ತದೆ, ಅವು ಒಳಗೆ ಹೋಗಿ ಹೂವಿನಂತೆ ಅರಳುತ್ತವೆ. ಇದೂ ಹಾಗೇ ಎಂದುಕೊಂಡ. ಇದು ಕಾಗದಕ್ಕೆ ಹೊಡೆಯುವ ಸ್ಪರ್ಧೆಯ ಗುಂಡು ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು. ಐದು ಹೊಡೆತದ ತೂತುಗಳೂ ಒಂದು ನಾಣ್ಯದಡಿ ಮುಚ್ಚಿಹೋಗುತ್ತವೆ ಎಂಬಲ್ಲಿಗೆ ಅವನು ಓದುವುದನ್ನು ನಿಲ್ಲಿಸಿದ್ದ.

ಫೆಬ್ರವರಿಯಲ್ಲಿ ಅವನು ಒಂದು ಕೊಬ್ಬಿದ ಹೆಣ್ಣು ಜಿಂಕೆ ತಂದ.

"ಎಪ್ಪತ್ತು ಹೆಜ್ಜೆ. ನಿಂತಲ್ಲೇ ಬಿತ್ತು ನೊಯ್ಲೀನ್, ದೀಪ ಆರಿಸ್ದಂಗೆ," ಎಂದ.

ನೊಯ್ಲೀನ್ ಭುಜದ ಮೇಲೆ ಅಂಗೈ ಇಟ್ಟು ಒತ್ತಿದಳು. ಒಳಗೆ ನೀರು ತುಂಬಿದ ಚೀಲದಂತೆ ಕುಲುಕಾಡಿತು. "ದೀಪ ಆರ್ಸೋಕೆ ಮನೇನೇ ಕೆಡವಿದ್ದೀಯಲ್ಲ ಮಾರಾಯ," ಎಂದಳು.

ಅವನು ಅದನ್ನು ಹೊಗಳಿಕೆ ಎಂದು ತಿಳಿದು ನಕ್ಕು ಹೋದ.

ಗುಂಡು ಮೂಳೆಗೆ ತಾಗಿದ ಕೂಡಲೇ ಪುಡಿಯಾಗಿತ್ತು. ಎರಡು ಭುಜ, ಅರ್ಧ ಕುತ್ತಿಗೆ, ಬೆನ್ನಿನ ಪಟ್ಟಿಯ ಮುಂದಿನ ತುದಿ, ಎಲ್ಲ ಕಡೆ ಹೆಪ್ಪುಗಟ್ಟಿದ ರಕ್ತ, ಮೂಳೆಯ ಚೂರು, ಮೆಣಸಿನ ಪುಡಿಯ ಹಾಗೆ ಸೀಸ. ಪಕ್ಕದ ಮನೆಯ ಪಾವೊರಾ ವಾರಕ್ಕೊಮ್ಮೆ ಬಂದು ಅವಳ ಬಕೆಟ್ಟಿನ ಚಿಂದಿ ಮಾಂಸವನ್ನು ತನ್ನ ಹಂದಿಬೇಟೆಯ ನಾಯಿಗಳಿಗೆ ಒಯ್ಯುತ್ತಿದ್ದ. ಸೀಸ ತುಂಬಿದ ಇದನ್ನು ನಾಯಿಗೂ ಹಾಕುವಂತಿರಲಿಲ್ಲ. ನೊಯ್ಲೀನ್ ಬೈಯುತ್ತ ಅದನ್ನು ಹಿತ್ತಲ ಗುಂಡಿಗೆ ಸುರಿದು ಸುಣ್ಣ ಮುಚ್ಚಿದಳು.

ವಾರ್ವಿಕ್ ಬಂದಾಗ ಸಿಕ್ಕಿದ್ದು ಹತ್ತೊಂಬತ್ತು ಕಿಲೋ. ಅಷ್ಟು ದೊಡ್ಡ ಜಿಂಕೆಯಲ್ಲಿ ಮೂವತ್ತಾದರೂ ಬರಬೇಕು ಎಂದು ಅವನಿಗೂ ಗೊತ್ತು.

"ಇಷ್ಟೇನಾ?" ಎಂದ.

"ಇಷ್ಟೇ," ಎಂದಳು ನೊಯ್ಲೀನ್. ಇನ್ನೂ ಎರಡು ಮಾತು ಸೇರಿಸಬಹುದಿತ್ತು. ಅವನ ಮುಖ ನೋಡಿದಳು, ವಿಜ್ಞಾನ ಬರುವ ಲಕ್ಷಣ ಕಂಡಿತು, ಪೈಪು ಎತ್ತಿಕೊಂಡು ನೆಲ ತೊಳೆಯತೊಡಗಿದಳು.

ಎರಡು ವಾರದ ಮೇಲೆ ಪಾವೊರಾ ಬಂದು ಬಕೆಟ್ಟು ಎತ್ತಿಕೊಳ್ಳದೆ ಬಾಗಿಲಲ್ಲೇ ನಿಂತ. ಅವನು ಬಂದೂಕು ಮುಟ್ಟದ ಮನುಷ್ಯ. ನಾಯಿ ಮತ್ತು ಚೂರಿಯಲ್ಲಿ ಹಂದಿ ಹಿಡಿಯುವವನು. ಮಾತು ಕಡಿಮೆ.

"ನಿನ್ನ ಫ್ರೀಜರ್ ತುಂಬಿದೆಯಂತೆ," ಎಂದ.

"ಯಾರಂದ್ರು?"

"ವಾರ್ವಿಕ್. ಬೇಟೆ ಕ್ಲಬ್ಬಿನ ಸಭೇಲಿ. ಹನ್ನೊಂದು ಕಿಲೋ ನೀನು ಇಟ್ಕೊಂಡೆ ಅಂತ."

"ನೀನೇನಂದೆ?"

"ನೊಯ್ಲೀನ್ ಕದಿಯೋಳಾಗಿದ್ರೆ ನಿನ್ನ ಮಾಂಸ ಕದೀತಿರ್ಲಿಲ್ಲ, ಯಾರಾದ್ರೂ ನೆಟ್ಟಗೆ ಹೊಡ್ದಿದ್ದನ್ನ ಕದೀತಿದ್ಲು ಅಂದೆ. ನಕ್ರು. ಆದ್ರೆ ನಂಬ್ಲಿಲ್ಲ."

ಅವಳ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಚರ್ಮ ಸುಲಿದ ಮೇಲೆ ಯಾವ ಜಿಂಕೆ ಯಾರದ್ದೆಂದು ದೇವರಿಗೂ ತಿಳಿಯುವುದಿಲ್ಲ. ಬಿಟ್ಟುಹೋಗುವವನು ನಂಬಿಕೆಯ ಮೇಲೆ ಬಿಟ್ಟುಹೋಗಬೇಕು. ಮಾರ್ಚ್ ಮೊದಲ ವಾರ ಮೂವರು ಫೋನು ಮಾಡಿ, ಏಪ್ರಿಲ್‌ನಲ್ಲಿ ಜಿಂಕೆ ತರುವುದಿಲ್ಲ, ಬೇರೆ ವ್ಯವಸ್ಥೆಯಾಗಿದೆ ಎಂದರು. ಏಪ್ರಿಲ್ ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುವ, ಬೇಟೆ ಜೋರಾಗುವ ತಿಂಗಳು. ಅವಳ ಇಡೀ ವರ್ಷ ನಿಂತಿದ್ದದ್ದೇ ಆ ತಿಂಗಳ ಮೇಲೆ. ನಾಲ್ಕನೆಯವನು ಶಾಲೆಗೆ ಹೊಸದಾಗಿ ಬಂದ ಮೇಷ್ಟರು, ಒಂದು ಮರಿಜಿಂಕೆ ತಂದು ಕೊಕ್ಕೆಗೆ ಏರಿಸಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ತಿರುವುತ್ತ, "ತಪ್ಪು ತಿಳೀಬೇಡಿ, ನೀವು ಕತ್ತರಿಸುವಾಗ ನಾನು ಇಲ್ಲೇ ನಿಂತು ನೋಡಬಹುದಾ?" ಎಂದ.

ನಲವತ್ತೇಳು ವರ್ಷದಲ್ಲಿ ಆ ಶೆಡ್ಡಿನಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ನೊಯ್ಲೀನ್ ಅವನಿಗೆ ಒಂದು ಸ್ಟೂಲು ಕೊಟ್ಟಳು. ಅವನು ನೋಡಿಕೊಂಡು ಕೂತ. ಅವಳ ಚಾಕು ಎರಡು ಸಲ ಮೂಳೆಗೆ ಕಚ್ಚಿಕೊಂಡಿತು. ಅವನು ಹೋದಮೇಲೆ ಬಾಗಿಲ ಮೇಲಿನ ಅಪ್ಪನ ಹೆಸರನ್ನು ತಲೆಯೆತ್ತಿ ನೋಡಲು ಅವಳಿಗಾಗಲಿಲ್ಲ.

ಮಾರನೆಯ ದಿನ ಅವಳು ಕ್ಲಬ್ಬಿನ ಅಧ್ಯಕ್ಷ ಲಿಂಡ್ಸೆಯ ಮನೆಗೆ ಹೋದಳು. ಹಸು ಮಾರಿ ನಿವೃತ್ತನಾದ ರೈತ, ಯಾರ ಮನಸ್ಸನ್ನೂ ನೋಯಿಸದಿರುವುದನ್ನೇ ಕಸುಬು ಮಾಡಿಕೊಂಡವನು. ಜಿಂಕೆ ಕೂಗುವ ತಿಂಗಳಿಗೆ ಮುಂಚೆ ಕ್ಲಬ್ಬಿನವರೆಲ್ಲ ಒಂದು ಭಾನುವಾರ ಮೈದಾನದಲ್ಲಿ ಸೇರಿ ಬಂದೂಕಿನ ಗುರಿ ಸರಿಪಡಿಸಿಕೊಳ್ಳುವ ಪದ್ಧತಿಯಿತ್ತು.

"ಆ ದಿನ ನನಗೆ ಅರ್ಧ ಗಂಟೆ ಕೊಡು," ಎಂದಳು.

"ಇದು ನಿಮ್ಮಿಬ್ಬರ ನಡುವಿನ ವಿಷಯ ಅಲ್ವಾ ನೊಯ್ಲೀನ್? ನೀವೇ ಕೂತು ಮಾತಾಡ್ಕೊಂಡ್ರೆ..."

"ಅವನು ಮಾತಾಡಿದ್ದು ನಿನ್ನ ಸಭೇಲಿ. ನೀನು ಆಗ ಏನ್ಮಾಡ್ತಿದ್ದೆ?"

"ಟೀ ಕುಡೀತಿದ್ದೆ," ಎಂದ ಲಿಂಡ್ಸೆ ಪ್ರಾಮಾಣಿಕವಾಗಿ.

"ಅದನ್ನೇ ಮತ್ತೆ ಕುಡಿ. ಅರ್ಧ ಗಂಟೆ ಅಷ್ಟೆ."

ಆ ಭಾನುವಾರ ಮೈದಾನದಲ್ಲಿ ಸುಮಾರು ಮೂವತ್ತು ಜನ. ಗಂಡಸರೆಲ್ಲ ಹೊಟ್ಟೆಯಡಿಗೆ ಚಾಪೆ ಹಾಕಿಕೊಂಡು, ನೂರು ಗಜ ದೂರದ ಕಾಗದಕ್ಕೆ ಹೊಡೆದು, ದುರ್ಬೀನಿನಲ್ಲಿ ತಮ್ಮ ತಮ್ಮ ತೂತುಗಳನ್ನು ನೋಡಿಕೊಂಡು ಹಿಗ್ಗುತ್ತಿದ್ದರು. ಕಾಗದ ಕಾಲಿಲ್ಲದ ಪ್ರಾಣಿ. ಓಡುವುದಿಲ್ಲ, ಅದಕ್ಕೆ ಭುಜದ ಮೂಳೆಯೂ ಇಲ್ಲ. ವಾರ್ವಿಕ್‌ನ ಹೆಂಡತಿ ರೇವಿನ್ ಒಂದು ಕಡೆ ಗ್ಯಾಸಿನ ಒಲೆಯ ಮೇಲೆ ಸಾಸೇಜು ಸುಡುತ್ತ, ಬ್ರೆಡ್ಡಿನಲ್ಲಿ ಸುತ್ತಿ ಎಲ್ಲರಿಗೂ ಕೊಡುತ್ತಿದ್ದಳು.

ನೊಯ್ಲೀನ್ ಪಿಕಪ್ಪಿನಿಂದ ಎರಡು ಕುರಿ ಇಳಿಸಿದಳು. ಅವಳದ್ದೇ ಹಟ್ಟಿಯ ಮುದಿ ಹೆಣ್ಣು ಕುರಿಗಳು, ಬೆಳಿಗ್ಗೆ ತಾನೇ ಕಡಿದಂಥವು, ಚರ್ಮ ಇನ್ನೂ ಮೈಮೇಲೇ ಇತ್ತು. ಪಾವೊರಾ ಅವನ್ನು ಎಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಚೌಕಟ್ಟಿಗೆ ತೂಗಿಹಾಕಿದ.

"ವಾರ್ವಿಕ್, ಬಾರಪ್ಪ. ಎಡಗಡೇದು ನಿಂದು. ಜಿಂಕೆಗೆ ಹೊಡ್ದ ಜಾಗಕ್ಕೇ ಹೊಡಿ, ಅದೇ ಗುಂಡಲ್ಲಿ," ಎಂದಳು.

"ಸತ್ತ ಕುರಿಗೆ ನನ್ನ ತೋಟಾ ದಂಡ."

"ಬದುಕಿದ್ದ ಜಿಂಕೆಗೂ ದಂಡವೇ ಆಗಿತ್ತು. ಬಾ."

ಎಲ್ಲರೂ ನೋಡುತ್ತಿದ್ದರು. ಬೇಡವೆನ್ನುವ ಹಾಗಿರಲಿಲ್ಲ. ವಾರ್ವಿಕ್ ಮಲಗಿ, ಉಸಿರು ಬಿಗಿಹಿಡಿದು, ಹೊಡೆದ. ಪಕ್ಕದಲ್ಲಿದ್ದವರ ಕೈಯ ಬ್ರೆಡ್ಡು ಅಲುಗಿತು. ಗುರಿ ಮಾತ್ರ ಚೆನ್ನಾಗಿತ್ತು, ಭುಜದ ನಟ್ಟನಡುವೆ. ಅವನು ಎದ್ದು ಪ್ಯಾಂಟು ಕೊಡವಿಕೊಂಡು ನಕ್ಕ.

ಆಮೇಲೆ ನೊಯ್ಲೀನ್ ಅಪ್ಪನ ಬಂದೂಕು ತೆಗೆದುಕೊಂಡು, ಒಂದು ಕಂಬಕ್ಕೆ ಒರಗಿ ನಿಂತೇ ಬಲಗಡೆಯ ಕುರಿಗೆ ಅದೇ ಜಾಗಕ್ಕೆ ಹೊಡೆದಳು. ವಯಸ್ಸಾದ ಭುಜ ಚುರುಗುಟ್ಟಿತು. ತೋರಿಸಿಕೊಳ್ಳಲಿಲ್ಲ.

"ಎರಡು ಬೆರಳು ಕೆಳಕ್ಕೆ ಬಿತ್ತು ನೊಯ್ಲೀನ್," ಎಂದ ದುರ್ಬೀನಿನವನೊಬ್ಬ.

"ಕುರಿ ದೂರು ಕೊಟ್ರೆ ಹೇಳು," ಎಂದಳು.

ಎರಡೂ ಕುರಿಗಳನ್ನು ಮೇಜಿನ ಮೇಲೆ ಮಲಗಿಸಿ ಎಲ್ಲರ ಎದುರಿಗೇ ಚರ್ಮ ಬಿಡಿಸಿದಳು. ವಾರ್ವಿಕ್‌ನ ಕುರಿಯ ಭುಜದಲ್ಲಿ ಭುಜವೇ ಇರಲಿಲ್ಲ. ಪ್ಲಮ್ ಜಾಮಿನ ಬಣ್ಣದ ಲೋಳೆ, ಅದರ ನಡುವೆ ಮೂಳೆಯ ಚಕ್ಕೆ. ಅವಳು ಚಾಕುವಿನಿಂದ ಹಿಂದೆ ಹಿಂದೆ ಕೊಯ್ಯುತ್ತ ಹೋದಳು. ಒಂದು ಗೇಣು ಹಿಂದಕ್ಕೆ ಬಂದರೂ ಮಾಂಸ ಕಪ್ಪಾಗಿಯೇ ಇತ್ತು. ಕೆಟ್ಟದ್ದನ್ನು ಬಕೆಟ್ಟಿಗೆ, ಒಳ್ಳೆಯದನ್ನು ತಕ್ಕಡಿಗೆ ಹಾಕಿದಳು. ಮೈಯ ಮುಂದಿನ ಅರ್ಧದಲ್ಲಿ ತಿನ್ನುವಂಥದ್ದು ಒಂದು ಕಿಲೋವೂ ತೂಗಲಿಲ್ಲ. ಇನ್ನೊಂದು ಕುರಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅದರ ಸುತ್ತ ಬಳೆಯಗಲ ಕೆಂಪು, ಅಷ್ಟೆ. ಅದರ ಮುಂದಿನ ಅರ್ಧದ ಮಾಂಸ ಮೂರೂವರೆ ಕಿಲೋ ತೂಗಿತು.

ತೂತಿನ ಅಂಚಿನಿಂದಲೇ ಒಂದು ಹೋಳು ಕೊಯ್ದು ರೇವಿನ್‌ಗೆ ಕೊಟ್ಟಳು. ರೇವಿನ್ ಅದನ್ನು ಕಾದ ಕಾವಲಿಗೆ ಹಾಕಿ, ಉಪ್ಪು ಉದುರಿಸಿ, ಎರಡೂ ಕಡೆ ಸುಟ್ಟು ನಿಧಾನವಾಗಿ ತಿಂದಳು. ಆಮೇಲೆ ನೊಯ್ಲೀನ್ ಬಕೆಟ್ಟಿನಿಂದ ಒಂದು ಹಿಡಿ ಲೋಳೆ ತೆಗೆದು ವಾರ್ವಿಕ್‌ನ ಅಂಗೈಯಲ್ಲಿಟ್ಟು, "ಬೆರಳಲ್ಲಿ ಉಜ್ಜಿ ನೋಡು," ಎಂದಳು.

ಅವನು ಉಜ್ಜಿದ. ಬೆರಳಿನ ನಡುವೆ ಮರಳಿನ ಹಾಗೆ ಸೀಸ ಕಿರುಗುಟ್ಟಿತು.

"ನಿನ್ನ ಹನ್ನೊಂದು ಕಿಲೋ ಹಿಂಗಿತ್ತು. ಬೇಕಾಗಿದ್ರೆ ಖೀಮಾ ಮಾಡಿ ಕೊಡ್ತಿದ್ದೆ."

"ಕೊಟ್ಟಿದ್ರಲ್ಲೂ ಇತ್ತು," ಎಂದಳು ರೇವಿನ್, ಸಾಸೇಜು ಮಗುಚುತ್ತಲೇ. "ಹೋದ ತಿಂಗಳು ನನ್ನ ಹಲ್ಲಿಗೆ ಒಂದು ಚೂರು ಸಿಕ್ತು. ನಿನ್ನ ಹಲ್ಲೇ ಒಡೆದಿರಬೇಕು ಅಂದ್ರು ಇವ್ರು."

ಕೆಲವರು ನಕ್ಕರು. ನೊಯ್ಲೀನ್ ನಗಲಿಲ್ಲ. ಅಷ್ಟು ಕೊಯ್ದು ಎಸೆದರೂ ತನ್ನ ಕೈ ತಪ್ಪಿ ಒಂದು ಚೂರು ಹೋಗಿತ್ತಲ್ಲ ಎಂದು ಕಿವಿ ಬಿಸಿಯಾಯಿತು. ಬಕೆಟ್ಟನ್ನು ಫೆಬ್ರವರಿಯಲ್ಲೇ ತೋರಿಸಿ, ಉಳಿದದ್ದನ್ನೂ ನೋಡಿಕೊಂಡು ತಿನ್ನಿ ಎಂದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಅಪ್ಪ ಹೇಳಿದ್ದು ಅದನ್ನೇ.

ಈಗ ಯಾರಾದರೂ ಒಂದು ಮಾತು ಹೇಳುತ್ತಾರೆ ಎಂದು ಅವಳು ಕಾದಳು. ವಾರ್ವಿಕ್ ಅಂಗೈಯನ್ನು ಹುಲ್ಲಿಗೆ ಒರೆಸಿ, "ಹಾಗಾದ್ರೆ ಗುಂಡು ತಪ್ಪು. ಬಂದೂಕೇನೂ ತಪ್ಪಿಲ್ಲ," ಎಂದ. ಅಷ್ಟೇ ಸಾಕಾಯಿತು. ಮೂವತ್ತು ಜನ ಒಟ್ಟಿಗೆ ಬಾಯಿ ಬಿಟ್ಟರು. ತಾಮ್ರದ್ದು ಹಾಕು ಎಂದ ಒಬ್ಬ. ತಾಮ್ರದ್ದಕ್ಕೆ ವೇಗ ಬೇಕು ಎಂದ ಇನ್ನೊಬ್ಬ. ಸೀಸಕ್ಕೆ ಕವಚ ಬೆಸೆದದ್ದು ಬರುತ್ತದಲ್ಲ, ಅದನ್ನು ತರಿಸು ಎಂದ ಮತ್ತೊಬ್ಬ. ಮದ್ದು ಒಂದು ಚಿಟಿಕೆ ಕಡಿಮೆ ಮಾಡು ಎಂದವನ ಮೇಲೆ ನಾಲ್ವರು ಮುಗಿಬಿದ್ದರು. ದೊಡ್ಡ ತೋಟಾ ಕೊಂಡದ್ದೇ ತಪ್ಪಿರಬಹುದು ಎಂದು ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನು ಬಾಯಲ್ಲಿ ಹೇಳಿದರೆ ಗಂಡಸುತನಕ್ಕೆ ಕುಂದಾಗುತ್ತಿತ್ತು.

ನೊಯ್ಲೀನ್ ಚಾಕು ತೊಳೆಯುತ್ತಿದ್ದಲ್ಲಿಗೆ ಲಿಂಡ್ಸೆ ಟೀ ಹಿಡಿದುಕೊಂಡು ಬಂದ. "ಅಂತೂ ಇತ್ಯರ್ಥ ಆಯ್ತಲ್ಲ. ಒಳ್ಳೇದಾಯ್ತು."

"ನಾನು ಕದ್ದಿಲ್ಲ ಅನ್ನೋದು ಒಬ್ಬನ ಬಾಯಲ್ಲೂ ಬರ್ಲಿಲ್ಲ ಲಿಂಡ್ಸೆ."

"ಅದು ಎಲ್ಲರಿಗೂ ತಿಳೀತಲ್ಲ, ಬಿಡು."

"ಕದ್ದೆ ಅನ್ನೋದು ಬಾಯಲ್ಲೇ ಬಂದಿತ್ತು," ಎಂದು ಅವಳು ಬಕೆಟ್ಟು ಎತ್ತಿಕೊಂಡಳು.

ಆ ವಾರವೇ ಶೆಡ್ಡಿನ ಬಾಗಿಲಿಗೆ ಒಂದು ರಟ್ಟು ತೂಗುಹಾಕಿದಳು: ಬಕೆಟ್ಟು ನೋಡದೆ ಮಾಂಸ ಇಲ್ಲ. ಏಪ್ರಿಲ್ ಬಂತು. ಬೇರೆ ವ್ಯವಸ್ಥೆ ಮಾಡಿಕೊಂಡಿದ್ದ ಮೂವರೂ ಏನೂ ಆಗದವರ ಹಾಗೆ ಜಿಂಕೆ ಹಾಕಿಕೊಂಡು ಬಂದರು. ಮೇಷ್ಟರು ಸ್ಟೂಲು ಕೇಳಲಿಲ್ಲ. ಏಪ್ರಿಲ್ ಮಧ್ಯದಲ್ಲಿ ವಾರ್ವಿಕ್ ಬಂದ, ಎಂಟು ಕವಲಿನ ಕೊಂಬಿನ ಗಂಡು ಜಿಂಕೆಯೊಂದಿಗೆ. ಹೊಸ ಗುಂಡು, ಭಾರದ್ದು, ಕವಚ ಬೆಸೆದದ್ದು. ಚಳಿಗಾಲಕ್ಕೆ ಆಗುವಷ್ಟು ಮಾತು ಅದರಿಂದಲೇ ಹುಟ್ಟಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ಅವನು ಮಾಂಸಕ್ಕೆ ಬಂದಾಗ ಅಂಗಳದಲ್ಲಿ ಏಳೆಂಟು ಜನ ಸರದಿಯಲ್ಲಿದ್ದರು. ಪಾವೊರಾ ಪಿಕಪ್ಪು ನಿಲ್ಲಿಸಿಕೊಂಡು ಕಾಯುತ್ತಿದ್ದ, ಹಿಂದೆ ನಾಯಿಗಳು ಸರಪಳಿ ಕುಲುಕಿಸುತ್ತಿದ್ದವು. ನೊಯ್ಲೀನ್ ವಾರ್ವಿಕ್‌ನನ್ನು ಒಳಗೆ ಕರೆದು ಬಕೆಟ್ಟಿನ ಮುಂದೆ ನಿಲ್ಲಿಸಿದಳು. ಮ್ಯಾಗ್ನಮ್ ಒದೆಯುತ್ತದೆ ಎಂದು ಅವನ ಭುಜ ಮೊದಲೇ ಹೆದರಿ ಸೆಳೆದುಕೊಂಡಿರಬೇಕು. ಜಿಂಕೆ ಅಡ್ಡ ನಿಂತಿದ್ದರೂ ಗುಂಡು ಹಿಂದೊಡೆಗೆ, ಹಿಂಗಾಲಿನ ತೊಡೆಗೆ, ಹೋಗಿತ್ತು. ಬಕೆಟ್ಟಿನಲ್ಲಿ ಒಂದು ಇಡೀ ತೊಡೆ, ಮೂಳೆ ಮುರಿದು ಕಪ್ಪಾದದ್ದು. ಅದರ ಮೇಲೆ ತೊಳೆದಿಟ್ಟ ಗುಂಡು, ಅಣಬೆಯಂತೆ ಅರಳಿ, ಒಂದು ಚೂರೂ ಕಳಚದೆ ಕೂತಿತ್ತು.

ವಾರ್ವಿಕ್‌ನ ಮುಖ ಬೆಳಗಿತು. "ನೋಡು, ಪುಡಿಯಾಗೇ ಇಲ್ಲ."

"ಇಲ್ಲ. ಪುಡಿಯಾಗಿದ್ದು ತೊಡೆ ಮಾತ್ರ."

"ಅದನ್ನ ನಂಗೆ ಕೊಡು, ಹೋಟೆಲಲ್ಲಿ ತೋರಿಸ್ಬೇಕು."

"ಬಾಟಲಿಗೆ ಹೋಗುತ್ತೆ ಅದು," ಎಂದು ನೊಯ್ಲೀನ್ ಗುಂಡನ್ನು ಎತ್ತಿಕೊಂಡಳು. "ನೀನು ಬಕೆಟ್ಟು ತಗೊಂಡೋಗಿ ಪಾವೊರಾಗೆ ಕೊಟ್ಟು ಬಾ. ಆಮೇಲೆ ನಿನ್ನ ಮಾಂಸ."

ಅವನು ಏನೋ ಹೇಳಹೊರಟ, ಅವಳ ಕೈಯಲ್ಲಿ ಚಾಕು ಇದ್ದದ್ದು ನೋಡಿ ಬಕೆಟ್ಟು ಎತ್ತಿದ. ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು, ತೊಡೆಗೆ ತಾಗಿಸಿಕೊಳ್ಳುತ್ತ, ಸರದಿಯಲ್ಲಿ ನಿಂತವರ ಮುಂದೆ ಇಡೀ ಅಂಗಳ ದಾಟಿದ. ಯಾರೂ ದಾರಿ ಬಿಡಲು ಅವಸರ ಮಾಡಲಿಲ್ಲ.

ಪಾವೊರಾ ಬಕೆಟ್ಟಿನೊಳಗೆ ಬಗ್ಗಿ ನೋಡಿದ. "ಏನಿದು?"

"ನನ್ನ ಜಿಂಕೆದು. ಹಿಂದೊಡೆ."

"ನೊಯ್ಲೀನ್ ಇಟ್ಕೊಳ್ಳಲಿಲ್ವಾ?"

ವಾರ್ವಿಕ್ ಸುತ್ತ ನೋಡಿದ. ಏಳೆಂಟು ಜನ ಉತ್ತರಕ್ಕೆ ಕಾಯುತ್ತಿದ್ದರು. ತಮ್ಮ ಪಿಕಪ್ಪಿನಲ್ಲಿ ಕೂತಿದ್ದ ರೇವಿನ್ ಕಿಟಕಿಯ ಗಾಜು ಇಳಿಸಿದಳು.

"ಇಲ್ಲ," ಎಂದ. "ಅವಳು ಏನೂ ಇಟ್ಕೊಳ್ಳಲ್ಲ. ಹೋದ ಸಲಾನೂ ಇಟ್ಕೊಂಡಿರ್ಲಿಲ್ಲ."

ಪಾವೊರಾ ತೊಡೆಯನ್ನು ಹಿಂದಕ್ಕೆ ಎಸೆದ. ನಾಯಿಗಳು ಮುಗಿಬಿದ್ದವು. "ಹೋದ ಸಲದ್ದು ನಾಯಿಗೂ ಆಗ್ತಿರ್ಲಿಲ್ಲ. ಪರವಾಗಿಲ್ಲ, ಸುಧಾರಿಸಿದ್ದೀಯ," ಎಂದು ಖಾಲಿ ಬಕೆಟ್ಟನ್ನು ಅವನ ಕೈಗೇ ವಾಪಸು ಕೊಟ್ಟ.

ಶೆಡ್ಡಿನೊಳಗೆ ನೊಯ್ಲೀನ್ ಗುಂಡನ್ನು ವಾರ್ವಿಕ್‌ನ ಬಾಟಲಿಗೆ ಹಾಕಿದಳು. ಫೆಬ್ರವರಿಯಲ್ಲಿ ಹೆಕ್ಕಿಟ್ಟಿದ್ದ ಸೀಸದ ಚೂರುಗಳ ಮೇಲೆ ಅದು ಠಣ್ಣೆಂದು ಬಿತ್ತು. ಚೀಟಿಯ ಮೇಲೆ ಅವನ ಹೆಸರಿನ ಕೆಳಗೆ "ಹಿಂದೊಡೆ" ಎಂದು ಬರೆದಳು. ಆಮೇಲೆ ಬಾಗಿಲಿಗೆ ಬಂದು, ಅಪ್ಪನ ಹೆಸರಿನ ಕೆಳಗೆ ನಿಂತು, ಒದ್ದೆ ಕೈ ಒರೆಸಿಕೊಳ್ಳುತ್ತ, "ಮುಂದಿನವರು," ಎಂದಳು.